ಹಿತ್ತಾಳೆ ಕೋಡು

ಚುಕ್ಕಿ ಇಟ್ಟಾಗಿತ್ತು, ಎಳೆ ಇನ್ನೂ ಅರ್ಧ ಬಾಕಿಯಿತ್ತು. ಸೌಮ್ಯಶ್ರೀ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಡಿಯ ಮುಂದಿನ ಒದ್ದೆ ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಆಯುಧಪೂಜೆಯ ದಿನ. ಬೀದಿಯ ತುದಿಯಲ್ಲಿ ಬೂದುಗುಂಬಳದ ಗಾಡಿಯವನು ಬೆಳಕು ಹರಿಯುವಾಗಲೇ ಬಂದು ಕೂಗು ಶುರುಮಾಡಿದ್ದ. ಮಹಡಿಯ ಮನೆಯಲ್ಲಿ ಒಲೆಯ ಮೇಲೆ ಹೋಳಿಗೆಗೆ ಬೇಳೆ ಇಟ್ಟು ಬಂದಿದ್ದಳು. ಕುಕ್ಕರು ಕೂಗುವುದರೊಳಗೆ ರಂಗೋಲಿ ಮುಗಿಸಬೇಕು ಅನ್ನುವುದು ಅವಳ ಲೆಕ್ಕ. ಅಷ್ಟರಲ್ಲಿ ಪಕ್ಕದಿಂದ ಪುಟ್ಟ ಕೈಯೊಂದು ಬಂದು ರಂಗೋಲಿ ಪುಡಿಯ ಡಬ್ಬದೊಳಗೆ ಇಳಿಯಿತು.

ಹೊರಗೆ ಬಂದಾಗ ಆ ಕೈ ಮಣಿಕಟ್ಟಿನವರೆಗೂ ಬೆಳ್ಳಗಿತ್ತು. ಕೊಡವಿದರೂ ಪುಡಿ ಉದುರಲಿಲ್ಲ.

"ಇದೇನೇ ಶರು, ಕೈಗೆ ಏನು ಮೆತ್ಕೊಂಡಿದೀಯ?"

ಮಗಳು ಶರಣ್ಯಾ ಹಲ್ಲು ಬಿಟ್ಟಳು. ಅವಳು ಹಾಗೆ ನಗುವುದನ್ನು ಕಂಡು ವಾರಗಳೇ ಆಗಿದ್ದವು. ಸೌಮ್ಯಶ್ರೀ ಆ ಕೈಯನ್ನು ಮೂಗಿನ ಹತ್ತಿರ ತಂದುಕೊಂಡಳು. ಹರಳೆಣ್ಣೆ. ಅಜ್ಜಿ ಎಣ್ಣೆನೀರಿಗೆ ಕೂರಿಸಿದ್ದಾರೇನೋ ಅಂದುಕೊಂಡು ತಲೆ ಮುಟ್ಟಿದಳು, ಕೂದಲು ಒಣಗಿಯೇ ಇತ್ತು.

"ಅಜ್ಜಿ ಹಚ್ಚಿದ್ರಾ?"

"ಅಜ್ಜಿನೂ ಹಚ್ಚಿದ್ರು, ನಾನೂ ಹಚ್ದೆ."

"ಯಾರಿಗೆ?"

ಹುಡುಗಿ ಹಿಂದಕ್ಕೆ ತಿರುಗಿ ಬಿಳಿ ಬೆರಳಿನಿಂದ ಅಂಗಡಿಯ ಒಳಗೆ ತೋರಿಸಿದಳು.

ಒಳಗೆ ಹಿಂಬಾಗಿಲ ಪಕ್ಕದ ಮೂಲೆಯಲ್ಲಿ, ಗೋಡೆಗೆ ಸರಪಳಿ ಬಿಗಿದು ನಿಲ್ಲಿಸಿದ ಕಪ್ಪು ಆಕ್ಸಿಜನ್ ಸಿಲಿಂಡರು. ಅದರ ಕಡೆಗೆ ನಾಗಭೂಷಣ್ ನಡೆದು ಹೋಗುತ್ತಿದ್ದ. ಒಂದು ಕೈಯಲ್ಲಿ ರೆಗ್ಯುಲೇಟರು, ಇನ್ನೊಂದರಲ್ಲಿ ಸ್ಪ್ಯಾನರು, ಬಾಯಲ್ಲಿ ಎಂಥದೋ ಗುನುಗು.

ಸೌಮ್ಯಶ್ರೀಗೆ ತಾನು ಎದ್ದದ್ದೂ ಗೊತ್ತಾಗಲಿಲ್ಲ, ಹಾಕಿದ ರಂಗೋಲಿಯನ್ನೇ ತುಳಿದುಕೊಂಡು ಓಡಿದ್ದೂ ಗೊತ್ತಾಗಲಿಲ್ಲ.

"ರೀ! ಮುಟ್ಬೇಡಿ ಅದನ್ನ! ತಿರುಗಿಸ್ಬೇಡಿ!"

ನಾಗಭೂಷಣನ ಕೈ ವಾಲ್ವಿನ ಮೇಲೆ ಹೋಗಿ ನಿಂತಿತ್ತು. "ಏನೇ ಇದು, ಹಬ್ಬದ ದಿನ ಬೆಳಗ್ಗೆ ಬೆಳಗ್ಗೆನೇ ಕಿರುಚ್ತೀಯ? ಒಂದು ತಗಡು ಕಟ್ ಮಾಡ್ಕೊಂಡು ಮುಚ್ಚಿಬಿಡ್ತೀನಿ ಅಂತ ಹೇಳ್ಲಿಲ್ವಾ?"

"ಎಣ್ಣೆ ಹಚ್ಚಿದಾರೆ ಅದಕ್ಕೆ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಬಗ್ಗಿ ನೋಡಿದ. ಅಜ್ಜಿ ಬೆಳಗ್ಗೆ ಹಚ್ಚಿದ ಊದಿನಕಡ್ಡಿಯ ಘಮದಲ್ಲಿ ಹರಳೆಣ್ಣೆಯ ವಾಸನೆ ಮುಚ್ಚಿಹೋಗಿತ್ತು. ಆದರೆ ವಾಲ್ವಿನ ಹಿತ್ತಾಳೆ ಹೊಸ ದೀಪದ ಕಂಬದಂತೆ ಥಳಥಳ ಹೊಳೆಯುತ್ತಿತ್ತು. ಗಾಳಿ ಹೊರಬರುವ ಬಾಯಿಯ ಅಂಚಿನಲ್ಲಿ ಎಣ್ಣೆಯ ಹನಿಯೊಂದು ಬೀಳಲೋ ಬೇಡವೋ ಎಂದು ತೂಗುತ್ತಿತ್ತು.

ರೆಗ್ಯುಲೇಟರು ಕೂರಿಸುವ ಮೊದಲು ವಾಲ್ವನ್ನು ಕಣ್ಣುಮುಚ್ಚಿ ತೆರೆಯುವಷ್ಟು ಹೊತ್ತು ಬಿಟ್ಟು ಮುಚ್ಚುವುದು ಅವನ ವಾಡಿಕೆ. ಬಾಯಲ್ಲಿ ಕೂತ ಧೂಳು ಹಾರಿಹೋಗಲಿ ಅಂತ. 'ಒಂದು ಉಸಿರು ಬಿಡಿಸೋದು' ಅನ್ನುತ್ತಿದ್ದ ಅದಕ್ಕೆ. ಆ ಉಸಿರಿಗೆ ಅವನ ಕೈ ಸಿದ್ಧವಾಗಿತ್ತು.

ನಾಗಭೂಷಣ್ ಕೈಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದ. ಎರಡು ಹೆಜ್ಜೆ ಹಿಂದೆ ಸರಿದು ಮುಗಿದೂ ಮುಗಿಯದ ಒಂದು ಗೇಟಿನ ಮೇಲೆ ಕೂತುಬಿಟ್ಟ. ಸ್ಪ್ಯಾನರು ಹಿಡಿದ ಕೈ ಸಣ್ಣಗೆ ನಡುಗುತ್ತಿತ್ತು. ಅದನ್ನು ಅವನು ಇನ್ನೊಂದು ಕೈಯಿಂದ ಮುಚ್ಚಿಕೊಂಡ. ಮುಚ್ಚಿಕೊಳ್ಳುವ ಮೊದಲೇ ಬಾಗಿಲಲ್ಲಿ ನಿಂತಿದ್ದ ಶರಣ್ಯಾ ಅದನ್ನು ನೋಡಿಯಾಗಿತ್ತು.

ಸುಂಕದಕಟ್ಟೆಯ ಆ ಬೀದಿಯಲ್ಲಿ ಅವರದು ಕೆಳಗೆ ಅಂಗಡಿ, ಮೇಲೆ ಮನೆ. ಗೇಟು, ಕಿಟಕಿಯ ಗ್ರಿಲ್ಲು, ಮೆಟ್ಟಿಲಿನ ಕಂಬಿ ಮಾಡಿಕೊಡುವ ಅಂಗಡಿ. ಮೆಟ್ಟಿಲು ಇಳಿದು ಬೀದಿಗೆ ಬರಬೇಕೆಂದರೆ ಸಿಲಿಂಡರುಗಳ ಮುಂದೆಯೇ ಹಾದು ಬರಬೇಕು. ನಾಗಭೂಷಣ್ ಈ ವಿಷಯದಲ್ಲಿ ಅಸಡ್ಡೆಯವನಲ್ಲ. ಆಕ್ಸಿಜನ್ನಿಗೂ ಉರಿಯುವ ಗ್ಯಾಸಾದ ಅಸಿಟಿಲೀನಿಗೂ ನಡುವೆ ತಾನೇ ಇಟ್ಟಿಗೆಯ ಅಡ್ಡಗೋಡೆ ಎಬ್ಬಿಸಿದ್ದ. ನಿಂತದ್ದು ಬೀಳದಂತೆ ಸರಪಳಿ, ಕೆಲಸವಿಲ್ಲದಾಗ ವಾಲ್ವಿನ ಮೇಲೆ ಕಬ್ಬಿಣದ ಟೋಪಿ. ಕೆಲಸದ ಹುಡುಗರು ಗ್ರೀಸ್ ಕೈಯಲ್ಲಿ ಆಕ್ಸಿಜನ್ ಮುಟ್ಟಲು ಹೋದರೆ ಬೀದಿಗೆಲ್ಲ ಕೇಳುವಂತೆ ಬೈಯುತ್ತಿದ್ದ. ಹುಡುಗರು ಹಬ್ಬಕ್ಕೆಂದು ಹಿಂದಿನ ದಿನವೇ ಊರಿಗೆ ಹೋಗಿದ್ದರು. ಬಸವೇಶ್ವರನಗರದ ಚನ್ನವೀರಪ್ಪನವರ ಹೊಸ ಮನೆಗೆ ಮರುದಿನ ಪ್ರವೇಶ. ಅವರ ಗೇಟಿಗೆ ಒಂದು ದಪ್ಪ ತಗಡು ಕತ್ತರಿಸುವುದು ಬಾಕಿಯಿತ್ತು. ಅದಕ್ಕೇ ಅವನು ಬೆಳಗ್ಗೆ ಹೊಸ ಸಿಲಿಂಡರಿನ ಟೋಪಿ ತೆಗೆದಿಟ್ಟು, ಮೂಲೆಯ ಅಂಗಡಿಗೆ ಕಾಫಿ ಕುಡಿಯಲು ಹೋಗಿದ್ದ. ಅಷ್ಟು ಹೊತ್ತು ಮಾತ್ರ ಅದು ಬೋಳುತಲೆಯಲ್ಲಿ ನಿಂತಿತ್ತು.

ಮಗಳ ವಿಷಯ ಬೇರೆ. ಶಾಲೆ ಶುರುವಾದ ಮೇಲೆ ಒಂದು ದಿನ ಯಾವನೋ ದರ್ಶನ್ ಅನ್ನುವ ಹುಡುಗ ವ್ಯಾನಿನಲ್ಲಿ "ಇವರ ಮನೆ ಕೆಳಗೆ ಬಾಂಬ್ ಇಟ್ಕೊಂಡಿದಾರೆ ಕಣ್ರೋ" ಅಂದಿದ್ದನಂತೆ. ಅದು ಸೌಮ್ಯಶ್ರೀಗೆ ಮಗಳಿಂದ ಅಲ್ಲ, ಆ ಹುಡುಗನ ತಾಯಿಯಿಂದ ಗೊತ್ತಾಗಿತ್ತು. ಆವತ್ತಿನಿಂದ ಶರಣ್ಯಾ ಮೆಟ್ಟಿಲ ಕೊನೆಗೆ ಬಂದು, ಎರಡೂ ಕಿವಿ ಮುಚ್ಚಿಕೊಂಡು, ಮೂಲೆಯನ್ನು ನೋಡದೆ ಬೀದಿಗೆ ಓಡುತ್ತಿದ್ದಳು. ಶಾಲೆಯಿಂದ ಬಂದರೂ ಅದೇ ಓಟ. ನಾಗಭೂಷಣ್ ಅದನ್ನು ಕಂಡಾಗಲೆಲ್ಲ ನಕ್ಕು "ಏನೂ ಆಗಲ್ಲ ಪುಟ್ಟಿ" ಅನ್ನುತ್ತಿದ್ದ. ಅಂಗಡಿಗೆ ಬಂದ ಗಿರಾಕಿಗೂ ಅವನದು ಅದೇ ಮಾತು, ಹಾಲು ಒಡೆದರೂ ಅದೇ ಮಾತು.

ಹುಡುಗಿಯ ಬಾಯಲ್ಲಿ ಒಂದು ಪ್ರಶ್ನೆ ಕೂತಿದೆ ಅನ್ನುವುದು ಸೌಮ್ಯಶ್ರೀಗೆ ಗೊತ್ತಿತ್ತು. ಒಂದು ರಾತ್ರಿ ಊಟಕ್ಕೆ ಕೂತಾಗ "ಅಪ್ಪಾ, ನಿಂಗೆ..." ಎಂದು ಶುರುಮಾಡಿದ್ದಳು. "ಏನ್ ಪುಟ್ಟಿ?" ಎಂದು ಅವನು ತಲೆಯೆತ್ತಿದ ಕೂಡಲೇ "ನಿಂಗೆ ಇನ್ನೊಂದು ಹಪ್ಪಳ ಬೇಕಾ?" ಅಂದುಬಿಟ್ಟಳು. ಅದು ಸಿಡಿಯುತ್ತಾ ಅಂತ ಕೇಳುವುದಕ್ಕೆ ಮಗುವಿಗೆ ಹೆದರಿಕೆ ಅಂತ ತಾಯಿ ಅಂದುಕೊಂಡಳು. ಕೆದಕಲಿಲ್ಲ. ತಾನಾಗಿ ಕೇಳಲಿ, ಕೇಳಿದ ದಿನ ಕೂತು ಹೇಳೋಣ ಎಂದು ಸುಮ್ಮನಿದ್ದಳು.

ಈಗ ಶಾಂತವ್ವ ಹಿಂಬಾಗಿಲಿನಿಂದ ಒಳಗೆ ಬಂದರು. ನಾಗಭೂಷಣನ ತಾಯಿ. ಬ್ಯಾಡಗಿಯ ಕಡೆಯವರು. ಮೊಮ್ಮಗಳು ಹುಟ್ಟಿದಾಗ ಬಾಣಂತನಕ್ಕೆಂದು ಬಂದವರು, ಬೀದಿಯ ಹೆಂಗಸರೆಲ್ಲ ತಮಗೆ ಬೇಕಾದವರು ಅನ್ನಿಸಿ ಇಲ್ಲೇ ನಿಂತುಬಿಟ್ಟಿದ್ದರು. ಕೈಯಲ್ಲಿ ಎಣ್ಣೆಯ ಬಟ್ಟಲು, ಕಣ್ಣಲ್ಲಿ ಗೆಲುವು.

"ನೋಡಿದ್ಯೇನ ಸೌಮ್ಯಾ? ನಿನ್ನ ಮಗಳ ಅಂಜಿಕಿ ಬಿಡಿಸೀನಿ. ಸ್ಟೂಲಿನ ಮ್ಯಾಲ ನಿಂತು ತಾನ ಔಡಲೆಣ್ಣಿ ಹಚ್ಚಿದ್ಲು. ಹೆಂಗ ಮಿಂಚಾಕತ್ತೈತಿ ನೋಡು, ಹೋರಿ ಕ್ವಾಡಿಗೆ ಹಿತ್ತಾಳಿ ಅಣಸು ಹಾಕಿದಂಗ!"

ನಾಗಭೂಷಣ್ ತಾಯಿಯ ಕೈಯಲ್ಲಿದ್ದ ಬಟ್ಟಲನ್ನೇ ನೋಡಿದ.

"ನಮ್ಮ ತವರ‍್ಮನಿಯೊಳಗ ಹೋರಿಗೆ ಅಂಜೋ ಹುಡುಗ್ರನ್ನ ಹಿಂಗ ಮಾಡ್ತಿದ್ರು," ಎಂದು ಅವರು ಮುಂದುವರಿಸಿದರು, ದನಿ ಮಾತ್ರ ಸ್ವಲ್ಪ ಇಳಿದಿತ್ತು. "ಪೂಜಿ ದಿವಸ ಕೈಯಾಗ ಎಣ್ಣಿ ಕೊಟ್ಟು ಕ್ವಾಡಿಗೆ ಹಚ್ಚಸೋದು. ಕೈಲೆ ಮುಟ್ಟಿದ್ದಕ್ಕ ಮನಸ್ಸು ಅಂಜೂದಿಲ್ಲ... ಯಾಕೋ ನಾಗು? ಯಾಕ ಹಂಗ ಕುಂತಿ?"

"ಅವ್ವಾ," ಅಂದ ನಾಗಭೂಷಣ್. ಮುಂದಿನ ಮಾತು ಏರುದನಿಯಲ್ಲಿ ಬರುವುದಿತ್ತು. ಸೌಮ್ಯಶ್ರೀ ಅವನ ಹೆಗಲ ಮೇಲೆ ಕೈ ಇಟ್ಟಳು. ಅವಳ ಕಣ್ಣು ಬಾಗಿಲ ಕಡೆಗಿತ್ತು. ಅಲ್ಲಿ ಶರಣ್ಯಾ ತನ್ನ ಬಿಳಿ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು ನಿಂತಿದ್ದಳು, ಆ ಕೈ ತನ್ನದಲ್ಲ ಅನ್ನುವ ಹಾಗೆ. ವಾರಗಳಾದ ಮೇಲೆ ಬಂದ ನಗು ಹೋಗಿಬಿಟ್ಟಿತ್ತು. ಇವತ್ತು ಮೊದಲ ಸಲ ಈ ಮಗು ಓಡದೆ ಆ ಮೂಲೆಯಲ್ಲಿ ನಿಂತಿದೆ, ಮುಟ್ಟಿದೆ. ಈಗ ನಾವು ಆಡುವ ಒಂದು ಮಾತಿನಿಂದ ಇನ್ನು ಯಾವತ್ತೂ ಅದು ಈ ಮೆಟ್ಟಿಲು ನೆಟ್ಟಗೆ ಇಳಿಯುವುದಿಲ್ಲ ಅನ್ನಿಸಿತು ಸೌಮ್ಯಶ್ರೀಗೆ.

"ಏನೂ ಆಗಿಲ್ಲ" ಅನ್ನುವುದು ಸುಲಭವಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಗಂಡನ ಕೈ ನಡುಗಿದ್ದನ್ನು ಮಗಳು ನೋಡಿದ್ದಾಳೆ. ನೋಡಿದ ಮೇಲೆ ಸುಳ್ಳು ಹೇಳಿದರೆ ಅವಳು ಹೆದರಿಕೆಯನ್ನೂ ಬಿಡುವುದಿಲ್ಲ, ನಮ್ಮನ್ನೂ ನಂಬುವುದಿಲ್ಲ.

"ಬಾ ಶರು, ಕೈ ತೊಳಿಯೋಣ," ಎಂದು ಕರೆದುಕೊಂಡು ಹೋಗಿ ಹೊರಗಿನ ನಲ್ಲಿಯ ಕೆಳಗೆ ಕೂರಿಸಿಕೊಂಡಳು. ಸೋಪು ಹಚ್ಚಿ ಬೆರಳ ಸಂದಿ ಸಂದಿಯನ್ನೂ ಉಜ್ಜಿದಳು. ಉಜ್ಜುತ್ತಲೇ ಹೇಳಿದಳು.

"ಎಣ್ಣೆ ಕೆಟ್ಟದ್ದಲ್ಲ. ಆಕ್ಸಿಜನ್ನೂ ಕೆಟ್ಟದ್ದಲ್ಲ, ನಾವು ಉಸಿರಾಡೋದೇ ಅದನ್ನ. ಆದ್ರೆ ಅದರೊಳಗೆ ತುಂಬಾ ಒತ್ತಿ ಒತ್ತಿ ತುಂಬಿರ್ತಾರೆ. ನಿನ್ನ ಸ್ಕೂಲ್ ಬ್ಯಾಗಲ್ಲಿ ಪುಸ್ತಕ ತುರುಕ್ತೀಯಲ್ಲ, ಅದಕ್ಕಿಂತ ಜಾಸ್ತಿ. ಬಾಯಿ ತೆಗೆದ ಕೂಡ್ಲೇ ಜೋರಾಗಿ ಹೊರಗೆ ನುಗ್ಗುತ್ತೆ. ಆಗ ಅಲ್ಲಿ ಎಣ್ಣೆ ಇದ್ರೆ ಬೆಂಕಿಕಡ್ಡಿ ಇಲ್ದೇನೇ ಬೆಂಕಿ ಹತ್ಕೊಳುತ್ತೆ. ದೊಡ್ಡ ಬೆಂಕಿ. ಅದಕ್ಕೇ ನಾನು ಓಡಿದ್ದು."

ಶರಣ್ಯಾ ನೀರನ್ನೇ ನೋಡುತ್ತಿದ್ದಳು.

"ಈಗ ಬಾಯಿ ಮುಚ್ಚಿದೆ. ಮುಚ್ಚಿರೋವರೆಗೂ ಅದು ಸುಮ್ನೆ ನಿಂತಿರುತ್ತೆ. ಯಾರೂ ತೆಗೀಬಾರ್ದು, ಅಷ್ಟೆ. ನಿಂಗೂ ಗೊತ್ತಿರ್ಲಿಲ್ಲ, ಅಜ್ಜಿಗೂ ಗೊತ್ತಿರ್ಲಿಲ್ಲ. ಈಗ ಇಬ್ರಿಗೂ ಗೊತ್ತಾಯ್ತು."

ಹುಡುಗಿ ತುಟಿ ತೆರೆದಳು. ಸೌಮ್ಯಶ್ರೀ ನಲ್ಲಿಯನ್ನು ನಿಲ್ಲಿಸಿ ಕಾದಳು. ಮೇಲೆ ಕುಕ್ಕರು ಕೂಗಿತು. ಹುಡುಗಿ ತುಟಿ ಮುಚ್ಚಿದಳು.

ಒಳಗೆ ನಾಗಭೂಷಣ್ ಅಷ್ಟರಲ್ಲಿ ಸೀಮೆಎಣ್ಣೆಯ ಬಾಟಲಿಗಾಗಿ ಹುಡುಕುತ್ತಿದ್ದ. "ಒಂದು ಬಟ್ಟೇಲಿ ಒರೆಸಿಬಿಟ್ರೆ ಹೋಗುತ್ತೆ ಬಿಡು. ಚನ್ನವೀರಪ್ಪನೋರು ಆಗ್ಲೇ ಫೋನ್ ಮಾಡಿದ್ರು."

"ಎಣ್ಣೆ ತೆಗಿಯೋಕೆ ಇನ್ನೊಂದು ಎಣ್ಣೆನಾ? ನೀವೇ ಹುಡುಗ್ರಿಗೆ ಏನಂತ ಬೈತೀರ ನೆನಪು ಮಾಡ್ಕೊಳಿ."

ಅವನು ನಿಂತ. ಹುಡುಕುತ್ತಿದ್ದ ಕೈಯನ್ನು ಕಪಾಟಿನಿಂದ ಹೊರಗೆ ತೆಗೆದ. "ಹೌದು ಕಣೇ," ಅಂದ, ತನಗೇ ಹೇಳಿಕೊಂಡಂತೆ. "ತಲೆನೇ ಓಡ್ತಾ ಇಲ್ಲ ಇವತ್ತು." ಊದಿನಕಡ್ಡಿಯನ್ನು ಕಿತ್ತು ಬೀದಿಯ ನೀರಿಗೆ ಅದ್ದಿ ಬಂದ. ಆಮೇಲೆ ಗ್ಯಾಸಿನ ಗೋಡೌನಿಗೆ ಫೋನು ಮಾಡಿದ. ಅಲ್ಲಿ ಪೂಜೆಯ ಗದ್ದಲ, ಯಾರಿಗೂ ಕೇಳಿಸುತ್ತಿರಲಿಲ್ಲ. "ಎಣ್ಣೆ ಸಾರ್, ಎಣ್ಣೆ! ಇಲ್ಲ ಸಾರ್, ಕುಡಿಯೋದಲ್ಲ!" ಎಂದು ಅವನು ಕೂಗಿದ್ದಕ್ಕೆ ಎದುರು ಮನೆಯ ಮಹಡಿಯಲ್ಲಿ ಬಟ್ಟೆ ಒಣಗಿಸುತ್ತಿದ್ದ ಮುನಿಲಕ್ಷ್ಮಮ್ಮ ಬಗ್ಗಿ ನೋಡಿ ನಕ್ಕರು. ಕೊನೆಗೆ ಗೋಡೌನಿನವರು ಮಧ್ಯಾಹ್ನದ ಮೇಲೆ ಗಾಡಿ ಕಳಿಸುತ್ತೇವೆ, ಅಲ್ಲಿಯವರೆಗೆ ಮುಟ್ಟಬೇಡಿ, ಒರೆಸಬೇಡಿ ಅಂದರು.

ಸೌಮ್ಯಶ್ರೀ ಒಂದು ರಟ್ಟಿನ ಚೂರು, ಕೆಂಪು ಸ್ಕೆಚ್ ಪೆನ್ನು ತಂದು ಮಗಳ ಮುಂದೆ ಇಟ್ಟಳು. "ತೆಗೆಯಬೇಡಿ ಅಂತ ಬರಿ. ದೊಡ್ಡದಾಗಿ." ಶರಣ್ಯಾ ನೆಲದ ಮೇಲೆ ಮಂಡಿಯೂರಿ, ನಾಲಿಗೆಯನ್ನು ಹಲ್ಲಿನ ನಡುವೆ ಹಿಡಿದು ಬರೆದಳು. ನಾಗಭೂಷಣ್ ಅದಕ್ಕೆ ದಾರ ಪೋಣಿಸಿ ಸಿಲಿಂಡರಿನ ಸರಪಳಿಗೆ ತೂಗುಹಾಕಿದ. ಹುಡುಗಿ ಅಡ್ಡಗೋಡೆಯ ಈಚೆಯಿಂದಲೇ ನೋಡಿದಳು. ಹತ್ತಿರ ಹೋಗಲಿಲ್ಲ. ಆದರೆ ಕಿವಿ ಮುಚ್ಚಿಕೊಳ್ಳಲಿಲ್ಲ.

ಮೇಲೆ ಅಡುಗೆಮನೆಯಲ್ಲಿ ಹೂರಣ ರುಬ್ಬುವ ಹೊತ್ತಿಗೆ ಶಾಂತವ್ವನ ಮಾತು ಪೂರ್ತಿ ನಿಂತುಹೋಗಿತ್ತು. ಕಣಕದ ತಟ್ಟೆ ಮುಂದಿಟ್ಟುಕೊಂಡು ಗೋಡೆಗೊರಗಿ ಕೂತಿದ್ದರು. ಹೋಳಿಗೆಯ ದಿನ ಮಾತಾಡದ ಶಾಂತವ್ವನನ್ನು ಸೌಮ್ಯಶ್ರೀ ಕಂಡಿರಲಿಲ್ಲ. ಕಣಕ ಸಡಿಲವಾಯಿತು, ಹೂರಣ ನೀರಾಯಿತು, ನಿಮ್ಮೂರ ಬೆಲ್ಲಕ್ಕೆ ಬಣ್ಣವೇ ಇಲ್ಲ ಎಂದು ಏನಾದರೊಂದು ಇರಲೇಬೇಕು.

"ಅತ್ತೆ, ಇದಕ್ಕೆ ಏಲಕ್ಕಿ ಸಾಕಾ ನೋಡಿ."

"ಸಾಕವಾ."

"ನೋಡ್ದೇನೇ ಸಾಕು ಅಂತೀರಲ್ಲ."

ಶಾಂತವ್ವ ಮುಖ ಎತ್ತಲಿಲ್ಲ. "ನಾ ಇನ್ನ ಅಂಗಡಿ ಕಡಿ ಇಳಿಯೂದಿಲ್ಲ ಸೌಮ್ಯಾ. ನನ್ನ ಕೈಲೆ ನನ್ನ ಮಗನ್ನ... ಕೂಸಿನ ಕೈಲೆ ಬ್ಯಾರೆ ಹಚ್ಚಿಸಿದ್ನೆ."

ಬಾಗಿಲ ಸಂದಿಯಲ್ಲಿ ಶರಣ್ಯಾ ನಿಂತಿದ್ದಾಳೆ ಅನ್ನುವುದು ಸೌಮ್ಯಶ್ರೀಗೆ ಕಾಣುತ್ತಿತ್ತು. ಅವಳು ಕಾಣದವಳಂತೆ ರುಬ್ಬುವುದನ್ನು ನಿಲ್ಲಿಸಿ ಅತ್ತೆಯ ಎದುರು ಕೂತಳು.

"ಅತ್ತೆ, ಒಂದು ಕೇಳ್ತೀನಿ. ನಿಮ್ಮೂರಲ್ಲಿ ಹೋರಿಗೆ ಎಣ್ಣೆ ಹಚ್ಚೋವಾಗ ಹಗ್ಗ ಬಿಚ್ಚಿ ಹಚ್ತಿದ್ರಾ?"

"ಅಯ್ಯ, ಹುಚ್ಚಿ! ಬಿಚ್ಚಿದ್ರ ತಿವಿಯೂದಿಲ್ಲೇನ? ಗ್ವಾದಲಿಗೆ ಬಿಗಿದು ಕಟ್ಟಿ, ಮಗ್ಗಲಿಗೆ ನಿಂತು ಹಚ್ಚಬೇಕು. ಮುಂದ ನಿಂದ್ರಬಾರದು, ಹಿಂದ ನಿಂದ್ರಬಾರದು. ಕಿವಿ ಮುಟ್ಟಬಾರದು."

"ಇದೆಲ್ಲ ನಂಗೆ ಗೊತ್ತಿರ್ಲಿಲ್ಲ ನೋಡಿ. ನಾನೇನಾದ್ರೂ ನಿಮ್ಮೂರಿಗೆ ಬಂದು ಹಚ್ಚೋಕೆ ಹೋಗಿದ್ರೆ ಹೊಟ್ಟೆಗೆ ತಿವಿಸ್ಕೊಂಡು ಬರ್ತಿದ್ದೆ. ಆಗ ನೀವು ಇನ್ಮೇಲೆ ದನದ ಕೊಟ್ಟಿಗೆ ಕಡೆ ಬರ್ಬೇಡ ಅಂತಿದ್ರಾ?"

ಶಾಂತವ್ವ ಮುಖ ಎತ್ತಿದರು. "ನೀ ಬಾಳ ಶ್ಯಾಣ್ಯಾಕಿ," ಅಂದರು. ತಟ್ಟೆ ಎಳೆದುಕೊಂಡು ಒಂದು ಉಂಡೆ ಹಿಸುಕಿದರು. "ಕಣಕ ಅಳ್ಳಕಾಗೇತಿ," ಎಂದರು.

ಸೌಮ್ಯಶ್ರೀಗೆ ಸಮಾಧಾನವಾಯಿತು.

ಶರಣ್ಯಾ ಬಂದು ಅಜ್ಜಿಯ ತೊಡೆಗೆ ಒರಗಿದಳು. ಶಾಂತವ್ವ ಹಿಟ್ಟಿನ ಕೈಯನ್ನು ಅವಳಿಗೆ ತಾಗದಂತೆ ಮೇಲಕ್ಕೆ ಹಿಡಿದು, ಮೊಳಕೈಯಲ್ಲೇ ಅವಳನ್ನು ಹತ್ತಿರ ಎಳೆದುಕೊಂಡರು. "ನಂಗ ಬಾಳ ಅಂಜಿಕಿ ಆತವ್ವಾ ನನ ಕೂಸ," ಎಂದು ಹೇಳಿದರು, ನೆಟ್ಟಗೆ, ಯಾವ ಅಲಂಕಾರವೂ ಇಲ್ಲದೆ. "ಇನ್ನೂ ಎದಿ ಹೊಡಕೊಳ್ಳಾಕತ್ತೈತಿ. ಮುಟ್ಟಿ ನೋಡು."

ಹುಡುಗಿ ಅಂಗೈಯನ್ನು ಅಜ್ಜಿಯ ಎದೆಯ ಮೇಲೆ ಇಟ್ಟು ಬಹಳ ಹೊತ್ತು ಆಲಿಸಿದಳು. ಅವಳ ಮುಖದಲ್ಲಿ ಬಂದದ್ದು ಹೆದರಿಕೆಯಲ್ಲ, ಆಶ್ಚರ್ಯ. ಅಜ್ಜಿ ಬೀದಿಯ ನಾಯಿಗೂ ಹೆದರುವವರಲ್ಲ, ಸೂಜಿ ಹಾಕುವ ಡಾಕ್ಟರಿಗೂ ಹೆದರುವವರಲ್ಲ.

ಗೋಡೌನಿನ ಗಾಡಿ ಬಂದದ್ದು ಊಟ ಮುಗಿಯುವ ಹೊತ್ತಿಗೆ. ಗಾಡಿಗೆ ಎರಡು ಕಡೆಯೂ ಬಾಳೆಕಂದು ಕಟ್ಟಿತ್ತು, ಮುಂದುಗಡೆ ಗಾಜು ಕಾಣದಷ್ಟು ಚೆಂಡುಹೂವು. ಇಳಿದವನು ಮೋಹನ್ ಕುಮಾರ್, ದಿನವೂ ಖಾಕಿಯಲ್ಲಿ ಬರುವವನು ಇವತ್ತು ಹೊಸ ಶರಟು ತೊಟ್ಟಿದ್ದ.

"ಏನಣ್ಣ, ಹಬ್ಬದ ದಿನವೂ ನಮ್ಮನ್ನ ಬಿಡಲ್ವಲ್ಲ," ಎನ್ನುತ್ತ ಒಳಗೆ ಬಂದ. ರಟ್ಟಿನ ಮೇಲಿನ ಕೆಂಪು ಅಕ್ಷರ ನೋಡಿ ಹುಬ್ಬೇರಿಸಿದ. "ಪರವಾಗಿಲ್ವೇ, ಬೋರ್ಡೆಲ್ಲ ಜೋರಾಗಿದೆ. ಯಾರು ಆರ್ಟಿಸ್ಟು?"

ಶರಣ್ಯಾ ಅಮ್ಮನ ಹಿಂದೆ ಸರಿದಳು.

ಮೋಹನ್ ಕುಮಾರ್ ಬಗ್ಗಿ ವಾಲ್ವನ್ನು ನೋಡಿದ. ನಗು ನಿಂತಿತು. "ಒರೆಸಿಲ್ಲ ತಾನೇ? ಒಂದ್ಸಲನೂ ಬಿಟ್ಟು ನೋಡಿಲ್ಲ ತಾನೇ?"

"ಇಲ್ಲ," ಅಂದ ನಾಗಭೂಷಣ್.

"ಒಳ್ಳೇದಾಯ್ತು. ಹೀಗೇ ತಗೊಂಡು ಹೋಗ್ತೀವಿ, ಕಂಪನಿಯೋರು ನೋಡ್ಕೊತಾರೆ. ವಾಲ್ವನ್ನ ನಾವೂ ಮುಟ್ಟಂಗಿಲ್ಲ." ಕೈಯನ್ನು ಬಟ್ಟೆಯಲ್ಲಿ ಒರೆಸಿಕೊಂಡು ಟೋಪಿಯನ್ನು ಜೋಪಾನವಾಗಿ ತಿರುಗಿಸಿ ಕೂರಿಸಿದ. ಆಮೇಲೆ ಮೆಟ್ಟಿಲ ಮೇಲೆ ನಿಂತಿದ್ದ ಶಾಂತವ್ವನ ಕಡೆ ತಿರುಗಿದ. "ಅಜ್ಜಿ, ಎಣ್ಣೆ ಹಚ್ಚೋ ಆಸೆ ಇದ್ರೆ ನನ್ನ ತಲೆಗೆ ಹಚ್ಚಿ. ಇದಕ್ಕೆ ಬೇಡ."

"ನಿನ್ನ ತಲ್ಯಾಗ ಕೂದಲರೆ ಎಲ್ಲಿ ಅದಾವೋ ತಮ್ಮಾ? ಹಚ್ಚಿದ್ರ ಜಾರಿ ಬೀಳ್ತೇತಿ ಕೈ."

ಮೋಹನ್ ಕುಮಾರ್ ತನ್ನ ತಲೆ ಸವರಿಕೊಂಡು ಎಲ್ಲರಿಗಿಂತ ಜೋರಾಗಿ ನಕ್ಕ. ಶಾಂತವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಬೆಳಗಿನ ಗಾಬರಿಯ ಮೇಲೆ ಆ ಮನೆಯಲ್ಲಿ ಅದೇ ಮೊದಲ ನಗು.

ಹೊಸ ಸಿಲಿಂಡರನ್ನು ಅವನು ಗಾಡಿಯಿಂದ ಇಳಿಸಿ, ಓರೆಯಾಗಿ ಹಿಡಿದು, ಬುಡದ ಮೇಲೆ ಉರುಟಿಸಿಕೊಂಡು ತರಲು ಹೊರಟ. ನಾಗಭೂಷಣ್ ಅಡ್ಡ ಬಂದು ಕೈಗಾಡಿಯನ್ನು ಮುಂದೆ ತಳ್ಳಿದ. "ಇವತ್ತು ನಂಗೆ ಎದೆ ಗಟ್ಟಿ ಇಲ್ಲ ಗುರು. ಇದರ ಮೇಲೆ ಕೂರಿಸು."

"ಅದೂ ಸರಿ."

ಎಣ್ಣೆ ಮೆತ್ತಿದ್ದು ಹೋಯಿತು, ಹೊಸದು ಅದೇ ಜಾಗದಲ್ಲಿ ನಿಂತಿತು. ತಗಡು ಕತ್ತರಿಸುವ ಕೆಲಸ ಸ್ವಲ್ಪ ಹೊತ್ತಿನಲ್ಲೇ ಮುಗಿಯಿತು. ಚನ್ನವೀರಪ್ಪನವರ ಕಡೆಯವರು ಬಂದು ಗೇಟನ್ನು ಒಯ್ದದ್ದೂ ಆಯಿತು. ಅಂಗಡಿ ತೊಳೆದು, ಸೌಮ್ಯಶ್ರೀ ತುಳಿದ ರಂಗೋಲಿಯನ್ನು ಅಳಿಸಿ ಇನ್ನೊಮ್ಮೆ ಹಾಕಿದಳು. ಈ ಸಲ ಶರಣ್ಯಾ ಪಕ್ಕದಲ್ಲಿ ಕೂತು ಬಣ್ಣ ತುಂಬಿದಳು, ಗೆರೆ ದಾಟಿಸಿಯೇ.

ಸಂಜೆ ಪೂಜೆಗೆ ಕೊರೆಯುವ ಯಂತ್ರ, ವೆಲ್ಡಿಂಗ್ ಮಷೀನು, ಸುತ್ತಿಗೆ, ಸ್ಪ್ಯಾನರುಗಳನ್ನೆಲ್ಲ ಬಾಗಿಲ ಹತ್ತಿರ ಜೋಡಿಸಿದರು. ಪ್ರತಿ ವರ್ಷ ಸಿಲಿಂಡರುಗಳನ್ನೂ ಸರಪಳಿ ಬಿಚ್ಚಿ ಸಾಲಿಗೆ ತಂದು ನಿಲ್ಲಿಸುತ್ತಿದ್ದರು. ಈ ವರ್ಷ ನಾಗಭೂಷಣ್ ಅವುಗಳ ಕಡೆ ನೋಡಿ "ಅವು ಅಲ್ಲೇ ಇರ್ಲಿ. ಪೂಜೆ ಅಲ್ಲಿಗೂ ಕಾಣುತ್ತೆ," ಅಂದ. ಕರ್ಪೂರದ ತಟ್ಟೆಯನ್ನು ಹೊಸ್ತಿಲಾಚೆಗೆ ಇಟ್ಟರು. ಬೂದುಗುಂಬಳಕ್ಕೆ ಕುಂಕುಮ ತುಂಬಿ ಬೀದಿಯಲ್ಲೇ ಒಡೆದರು.

ಶಾಂತವ್ವ ವಿಭೂತಿಯ ಗಟ್ಟಿ ಹಿಡಿದುಕೊಂಡು ಮೂಲೆಯವರೆಗೆ ಬಂದು ನಿಂತರು. ಮುಂದೆ ಹೋಗಲಿಲ್ಲ. "ಸೌಮ್ಯಾ, ಇಷ್ಟ ಹಚ್ಚಬಹುದೇನ?"

"ಹಚ್ಚಿ ಅತ್ತೆ. ಒಣ ವಿಭೂತಿ, ಹೊಟ್ಟೆ ಮೇಲೆ. ತಲೆ ಮುಟ್ಟೋದು ಬೇಡ."

"ಹೋರೀನೂ ಹಂಗ," ಎಂದರು ಶಾಂತವ್ವ. ಎರಡೂ ಅಂಗೈಯನ್ನು ಸೆರಗಿಗೆ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಪಕ್ಕಕ್ಕೆ ನಿಂತು, ಕಪ್ಪು ಸಿಲಿಂಡರಿನ ನಡುವಿಗೆ ಮೂರು ಬೆರಳು ಎಳೆದರು. ಅಡ್ಡಗೋಡೆಯಾಚೆಯ ಅಸಿಟಿಲೀನಿಗೂ ಎಳೆದರು. ಉಳಿದ ಚೆಂಡುಹೂವನ್ನು ಸರಪಳಿಯ ಕೊಂಡಿಗೆ ಸಿಕ್ಕಿಸಿದರು.

ಆಗಲೇ ನಾಗಭೂಷಣನಿಗೆ ಸರಪಳಿಯ ಕೊಕ್ಕೆ ಸಡಿಲ ಕಂಡಿತು. ಅದನ್ನು ಬಿಚ್ಚಿ ಒಂದು ಕೊಂಡಿ ಹಿಂದಕ್ಕೆ ಹಿಡಿದ. ಹಾಕುವ ಮೊದಲು ತಿರುಗಿ ನೋಡಿದ. ಶರಣ್ಯಾ ಹೊಸ ಲಂಗದಲ್ಲಿ, ಬಾಯಿಯ ಸುತ್ತ ಹೋಳಿಗೆಯ ತುಪ್ಪ ಮೆತ್ತಿಕೊಂಡು, ಅವನ ಹಿಂದೆ ಒಂದು ಮೊಳ ದೂರದಲ್ಲಿ ನಿಂತಿದ್ದಳು. ಅಷ್ಟು ಹತ್ತಿರ ಅವಳು ಯಾವಾಗ ಬಂದಳೋ ಯಾರಿಗೂ ಗೊತ್ತಾಗಿರಲಿಲ್ಲ.

"ಕೊಕ್ಕೆ ನೀನು ಹಾಕ್ತೀಯಾ?"

ತನ್ನ ಕೈಗಳನ್ನು ನೋಡಿಕೊಂಡಳು, ತುಪ್ಪ ನೋಡಿ ಹೊರಗೆ ನಲ್ಲಿಗೆ ಓಡಿದಳು. ಸೋಪು ಜಾರಿ ಬಿದ್ದ ಸದ್ದು, ನೀರಿನ ಸದ್ದು. ಬಾಯನ್ನೂ ತೊಳೆದುಕೊಂಡು ಬಂದು ಎರಡೂ ಅಂಗೈಯನ್ನು ಅಪ್ಪನ ಮುಂದೆ ಹಿಡಿದಳು, ಆಮೇಲೆ ಮಗುಚಿ ತೋರಿಸಿದಳು. ಅವನು ಬಗ್ಗಿ ಒಂದೊಂದು ಬೆರಳನ್ನೂ ಮೂಸಿ ನೋಡಿ "ಪಾಸ್" ಅಂದ. ಅವಳು ಕೊಕ್ಕೆಯನ್ನು ಹಿಡಿದು ಗೋಡೆಯ ಬಳೆಗೆ ತೂರಿಸಿದಳು. ಕಬ್ಬಿಣಕ್ಕೆ ಕಬ್ಬಿಣ ತಾಗಿ ಟಣ್ ಅಂದಿತು.

"ಈಗ ಒಂದ್ಸಲ ಜಗ್ಗು. ಬಿಗಿ ಇದೆಯಾ ನೋಡು."

ಜಗ್ಗಿದಳು. ಚೆಂಡುಹೂವು ಅಲ್ಲಾಡಿತು, ಸಿಲಿಂಡರು ಅಲ್ಲಾಡಲಿಲ್ಲ.

ಸೌಮ್ಯಶ್ರೀ ಕರ್ಪೂರದ ತಟ್ಟೆಯನ್ನು ತೊಳೆಯಲು ಎತ್ತಿಕೊಂಡವಳು ಹೊಸ್ತಿಲಲ್ಲೇ ನಿಂತಳು. ಮಗಳು ಸರಪಳಿಯಿಂದ ಕೈ ತೆಗೆದಿರಲಿಲ್ಲ. ಮುಖ ಮಾತ್ರ ಅಪ್ಪನ ಕಡೆಗೆ ಎತ್ತಿತ್ತು. ಹಪ್ಪಳದ ಆ ರಾತ್ರಿ ನೋಡಿದ್ದ ಅದೇ ಮುಖ, ಅದೇ ಅರ್ಧ ತೆರೆದ ತುಟಿ.

"ಅಪ್ಪಾ, ನಿಂಗೆ..."

ನಾಗಭೂಷಣನ ಬಾಯಿಗೆ 'ಏನೂ ಆಗಲ್ಲ' ಅನ್ನುವ ಅವನ ಹಳೆಯ ಮಾತು ಬಂದೇಬಿಟ್ಟಿತ್ತು. ಸೌಮ್ಯಶ್ರೀ ಅಲ್ಲಿಂದಲೇ ಅವನನ್ನು ನೋಡಿದಳು. ಅವನು ಅದನ್ನು ನುಂಗಿಕೊಂಡ. ಮಗಳ ಎತ್ತರಕ್ಕೆ ಮಂಡಿಯೂರಿ ಕೂತು, ಬೆಳಗ್ಗೆ ನಡುಗಿದ ಆ ಕೈಯನ್ನು ಸರಪಳಿಯ ಮೇಲೆ ಅವಳ ಕೈಯ ಪಕ್ಕದಲ್ಲಿ ಇಟ್ಟ. ಬೀದಿಯಲ್ಲಿ ಯಾರದೋ ಪಟಾಕಿ ಸಿಡಿಯಿತು. ಹುಡುಗಿ ಕಿವಿ ಮುಚ್ಚಿಕೊಳ್ಳಲಿಲ್ಲ.

"ಹೇಳು," ಅಂದ.

"ಅಪ್ಪಾ, ನಿಂಗೆ ದಿನಾನೂ ಭಯ ಆಗುತ್ತಾ?"